ಸಾಲಿಯ ಬಾಗಿಲಲ್ಲಿ ನಿಂತು

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ, ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚುತ್ತ ಕುಳಿತಿದ್ದಾಗ ತಮ್ಮನ ಮಗಳ ಫೋನು ಬಂತು. "ಅತ್ತಿ, ನೀ 34 ವರ್ಷ ಸಾಲ್ಯಾಗ ಕಲಿಸಿದಾಕಿ. ನಮ್ಮೂರ ಪಬ್ಲಿಕ್ ಸ್ಕೂಲ್ ಒಮ್ಮೆ ಕಣ್ಣಾರೆ ನೋಡಿ ಬಾ. ಪುಟ್ಟೀನ್ನ ಅಲ್ಲಿ ಹಾಕೂದೋ ಬ್ಯಾಡೋ ನೀನ ಹೇಳು" ಎಂದಳು. ಪುಟ್ಟಿಗೆ ಆಗಷ್ಟೇ ನಾಲ್ಕು ವರ್ಷ ತುಂಬಿತ್ತು. ಅವಳನ್ನು ಯಾವ ಶಾಲೆಗೆ ಹಾಕಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಮೂರು ಪಕ್ಷಗಳಾಗಿದ್ದವು.

ಅಳಿಯನ ಮನಸ್ಸಿನಲ್ಲಿದ್ದದ್ದು ಬೈಪಾಸ್ ರಸ್ತೆಯ ಇಂಗ್ಲಿಷ್ ಶಾಲೆ. ಅಲ್ಲಿಂದ ಹಳದಿ ಬಸ್ಸು ಮನೆಯ ಬಾಗಿಲಿಗೇ ಬರುತ್ತದೆ. ತಮ್ಮನ ಮಗಳು ಆ ಶಾಲೆಯ ಫೀಯನ್ನು ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿ ನೋಡಿ ನಿದ್ದೆ ಕೆಡಿಸಿಕೊಂಡಿದ್ದಳು. ನಮ್ಮ ಬೀಗತಿ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು: "ಸರ್ಕಾರಿ ಸಾಲಿಗೆ ಎಲ್ಲಾ ಮಂದಿ ಮಕ್ಕಳು ಬರತಾವ. ನಮ್ಮ ಕೂಸು ಅವರ ನಡುವ ಹೆಂಗ ಕೂಡತದ?"

ಪಬ್ಲಿಕ್ ಸ್ಕೂಲ್ ಎಂದೊಡನೆ ಅದು ದುಡ್ಡಿದ್ದವರ ಶಾಲೆಯೆಂದು ತಿಳಿಯುವವರಿದ್ದಾರೆ. ಇದು ಹಾಗಲ್ಲ. ಕರ್ನಾಟಕ ಪಬ್ಲಿಕ್ ಶಾಲೆ ಎಂಬುದು ಸರ್ಕಾರದ್ದೇ ಶಾಲೆ. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಹಿಡಿದು ದ್ವಿತೀಯ ಪಿಯುಸಿಯವರೆಗೆ ಎಲ್ಲ ತರಗತಿಗಳೂ ಇರಬೇಕೆಂಬುದು ಅದರ ಉದ್ದೇಶ. 2018-19ರಲ್ಲಿ ಇಂಥ 176 ಶಾಲೆಗಳು ಶುರುವಾದವು, ಮರುವರ್ಷ ಇನ್ನೂ 100 ಸೇರಿದವು. ಹೆಚ್ಚಿನ ಕಡೆ ಹೊಸದಾಗಿ ಕಟ್ಟಿದ್ದೇನೂ ಇಲ್ಲ. ಒಂದೇ ಊರಿನಲ್ಲಿ ಅಕ್ಕಪಕ್ಕ ಇದ್ದ ಪ್ರಾಥಮಿಕ ಶಾಲೆ, ಹೈಸ್ಕೂಲು, ಜೂನಿಯರ್ ಕಾಲೇಜುಗಳನ್ನು ಒಂದು ಹೆಸರಿನ ಕೆಳಗೆ ತಂದದ್ದು. ಪಿಯು ಕಾಲೇಜಿನ ಪ್ರಾಂಶುಪಾಲರು ಇಡೀ ಶಾಲೆಗೆ ಮುಖ್ಯಸ್ಥರು, ಹೈಸ್ಕೂಲಿಗೆ ಉಪ ಪ್ರಾಂಶುಪಾಲರು, ಚಿಕ್ಕ ಮಕ್ಕಳ ವಿಭಾಗಕ್ಕೆ ಮುಖ್ಯಾಧ್ಯಾಪಕರು. ನಮ್ಮ ಹಳೆಯ ಕೂಡುಕುಟುಂಬದ ಹಾಗೆಯೇ ಎನ್ನಿ. ಹಿರಿಯ ಯಜಮಾನ, ನಡುವಿನವ, ಅಡುಗೆಮನೆ ನೋಡಿಕೊಳ್ಳುವ ಸೊಸೆ.

ಶಾಲೆಗೆ ಹೋಗುವುದಕ್ಕೆ ಮುಂಚೆಯೇ ಬೀಗತಿಯ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಎಲ್ಲಾ ಮಂದಿ ಮಕ್ಕಳು ಬರತಾವ. ಈ ಮಾತನ್ನು ನಾನು ಎಲ್ಲಿಯೋ ಕೇಳಿದ್ದೇನೆ ಅನ್ನಿಸುತ್ತಲೇ ಇತ್ತು. ರಾತ್ರಿ ಮಲಗಿದಾಗ ನೆನಪಾಯಿತು. ಕೇಳಿದ್ದಲ್ಲ, ಓದಿದ್ದು. ಅದೂ ನಮ್ಮ ಧಾರವಾಡದ್ದೇ ಕಥೆ.

1854ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಈ ದೇಶದ ಜನರಿಗೆ ಓದು ಕಲಿಸುವುದು ಸರ್ಕಾರದ ಹೊಣೆ ಎಂದು ಮೊದಲ ಸಲ ದೊಡ್ಡದಾಗಿ ಒಪ್ಪಿಕೊಂಡರು. ವುಡ್ ಸಾಹೇಬನ ಪತ್ರವೆಂದು ಟ್ರೇನಿಂಗ್ ಕಾಲೇಜಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಅದನ್ನೇ. ಅದಾಗಿ ಎರಡು ವರ್ಷಕ್ಕೆ, 1856ರ ಜೂನ್ ತಿಂಗಳಲ್ಲಿ, ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ಕೊಡಬೇಕೆಂದು ಒಬ್ಬ ಮಹಾರ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಎಲ್ಲರಂತೆ ಫೀ ಕೊಡಲು ಅವನು ತಯಾರಿದ್ದ. ಅವನಿಗೆ ಬಾಗಿಲು ಮುಚ್ಚಿದ್ದು ಜಾತಿಯೊಂದೇ.

ಮುಂಬಯಿ ಸರ್ಕಾರ ಜುಲೈ ತಿಂಗಳಲ್ಲಿ ಕೊಟ್ಟ ತೀರ್ಮಾನದ ಸಾರ ಇಷ್ಟು. ನ್ಯಾಯ ನೋಡಿದರೆ ಹುಡುಗನ ಕಡೆಗೇ ಇದೆ, ನಿಜ. ಆದರೆ ಇವನೊಬ್ಬನನ್ನು ಒಳಗೆ ಬಿಟ್ಟರೆ ಉಳಿದ ಜಾತಿಗಳ ಮಕ್ಕಳು ಶಾಲೆ ಬಿಟ್ಟಾರು. ಒಬ್ಬನ ಸಲುವಾಗಿ ಇಡೀ ಶಾಲೆ ನಿರುಪಯೋಗಿಯಾದೀತು. ಆದ್ದರಿಂದ ಆಗದು. ಈ ತೀರ್ಮಾನ ಕಲ್ಕತ್ತೆಯ ಭಾರತ ಸರ್ಕಾರಕ್ಕೆ ಸರಿಕಾಣಲಿಲ್ಲ. 1857ರ ಜನವರಿಯಲ್ಲಿ ಅದು ತನ್ನ ಅಸಮ್ಮತಿ ತಿಳಿಸಿತು. ವಿಷಯ ಲಂಡನ್ನಿನವರೆಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಕಂಪನಿಯ ನಿರ್ದೇಶಕರು ಹೇಳಿದರು: ಸರ್ಕಾರದ ಶಾಲೆ ಎಂದ ಮೇಲೆ ಅದು ಎಲ್ಲ ವರ್ಗದವರಿಗೂ ತೆರೆದಿರಬೇಕು. ಈ ನಡುವೆ ದೇಶದಲ್ಲಿ ದೊಡ್ಡ ದಂಗೆ ಎದ್ದಿತ್ತು, ಕಂಪನಿಯ ರಾಜ್ಯವೇ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿಯೂ ಧಾರವಾಡದ ಒಬ್ಬ ಹುಡುಗನ ಅರ್ಜಿ ಸಮುದ್ರ ದಾಟಿ ಒಂದು ತತ್ವವನ್ನು ಬರೆಸಿಕೊಂಡು ಬಂದಿತ್ತು.

ಬರೆದದ್ದು ನೆಲಕ್ಕೆ ಇಳಿಯುವುದಕ್ಕೆ ಮಾತ್ರ ತಲೆಮಾರುಗಳೇ ಬೇಕಾದವು. 1882ರ ಹಂಟರ್ ಆಯೋಗವು ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದೆಂಬ ತತ್ವವನ್ನು ಒಪ್ಪಿತು, ಆದರೆ ಜಾರಿಗೆ ತರುವಾಗ ಜೋಪಾನ ಎಂದೂ ಹೇಳಿತು. ಸಾಕಷ್ಟು ಮಕ್ಕಳಿದ್ದಲ್ಲಿ ಬೇರೆ ಶಾಲೆ ತೆರೆಯಬಹುದೆಂದು ಸೂಚಿಸಿತು. 1900ರ ಸುಮಾರಿಗೆ ಅದೇ ಮುಂಬಯಿ ಪ್ರಾಂತದ ಸಾತಾರದಲ್ಲಿ ಭೀಮರಾವ ಅಂಬೇಡಕರ ಶಾಲೆಗೆ ಸೇರಿದಾಗ ಬಾಗಿಲು ತೆರೆದಿತ್ತು. ಒಳಗೆ ಮಾತ್ರ ಕೂಡಲು ಮನೆಯಿಂದ ತಂದ ಗೋಣಿತಟ್ಟು ಬೇರೆ, ನೀರು ಕುಡಿಯಬೇಕೆಂದರೆ ಜವಾನನೇ ಎತ್ತಿ ಹಾಕಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. 1923ರಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ, ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂದು ಮತ್ತೊಮ್ಮೆ ಗೊತ್ತುವಳಿ ತರಬೇಕಾಯಿತು. ಕಡೆಗೆ 1950ರಲ್ಲಿ ಸಂವಿಧಾನವೇ ಅದನ್ನು ಹಕ್ಕಾಗಿ ಬರೆಯಿತು.

ಈಗ ಬೀಗತಿಯ ಮಾತಿಗೆ ಬರೋಣ. 1856ರಲ್ಲಿ ಸರ್ಕಾರ ಹೆದರಿದ್ದು ಯಾವುದಕ್ಕೆ? ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರು ಹೊರಗೆ ಹೋದಾರು ಎಂಬುದಕ್ಕೆ. ಈಗ ಕಾನೂನು ಯಾರನ್ನೂ ತಡೆಯುವುದಿಲ್ಲ. ಅಂದು ಹೋದಾರೆಂದು ಹೆದರಿದವರು ತಾವಾಗಿಯೇ, ಸದ್ದಿಲ್ಲದೆ, ಯಾವ ಅರ್ಜಿಯನ್ನೂ ಬರೆಯದೆ ಹೊರಗೆ ಹೋಗಿದ್ದಾರೆ. ನಮ್ಮ ಊರುಗಳಲ್ಲಿ ಮೇಷ್ಟ್ರ ಮಕ್ಕಳು, ಡಾಕ್ಟರ ಮಕ್ಕಳು, ಗುಮಾಸ್ತರ ಮಕ್ಕಳು, ಕಡೆಗೆ ಕಿರಾಣಿ ಅಂಗಡಿಯವರ ಮಕ್ಕಳು ಒಬ್ಬೊಬ್ಬರಾಗಿ ಸರ್ಕಾರಿ ಶಾಲೆ ಬಿಟ್ಟದ್ದನ್ನು ನನ್ನ ಕಣ್ಣೆದುರಿಗೇ ನೋಡಿದ್ದೇನೆ.

ನೋಡಿದ್ದೇನೆ ಎಂದು ಬರೆದು ಸುಮ್ಮನಿರುವುದು ಸರಿಯಲ್ಲ. ಹಾಗೆ ಹೋದವರಲ್ಲಿ ನಾನೂ ಒಬ್ಬಳು. 1989ರಲ್ಲಿ ನಾನು ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಒಂದನೇ ತರಗತಿ ಕಲಿಸುತ್ತಿದ್ದೆ. ಅದೇ ವರ್ಷ ನನ್ನ ಮಗನನ್ನು ಪೇಟೆಯ ಇಂಗ್ಲಿಷ್ ಶಾಲೆಯ ಒಂದನೇ ತರಗತಿಗೆ ಹಾಕಿದೆ. ಅವನು ಟೈ ಕಟ್ಟಿಕೊಂಡು ಆಟೋದಲ್ಲಿ ಒಂದು ಕಡೆ, ನಾನು ಬುತ್ತಿ ಹಿಡಿದು ಬಸ್ಸಿನಲ್ಲಿ ಇನ್ನೊಂದು ಕಡೆ. ಒಂದು ದಿನ ಹುಡುಗಿಯೊಬ್ಬಳ ತಾಯಿ, ಕೂಲಿಗೆ ಹೋಗುವಾಕೆ, ಮಗಳನ್ನು ಬಿಡಲು ಬಂದವಳು ಸಹಜವಾಗಿ ಕೇಳಿದಳು: "ಅಕ್ಕೋರ, ನಿಮ್ಮ ಮಗ ಯಾವ ಸಾಲಿಗೆ ಹೋಗತಾನ್ರಿ?" ನಾನು ಹೇಳಿದೆ. "ಚಲೋ ಆತ ಬಿಡ್ರಿ" ಎಂದು ಅವಳು ನಕ್ಕು ಹೋದಳು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಉತ್ತರ ಕೊಟ್ಟು ಹಗುರಾಗುತ್ತಿದ್ದೆ. ಈ ಹಳೆಯ ಬಾಕಿ ನನ್ನ ಲೆಕ್ಕದಲ್ಲಿತ್ತಾದ್ದರಿಂದ, ತಮ್ಮನ ಮಗಳಿಗೆ ಕೂತಲ್ಲಿಂದಲೇ ಬುದ್ಧಿ ಹೇಳುವ ಧೈರ್ಯ ನನಗಾಗಲಿಲ್ಲ. ಶಾಲೆಯನ್ನು ಹೋಗಿ ನೋಡಿಯೇ ಮಾತಾಡಬೇಕೆಂದು ಹೊರಟೆ.

ಶಾಲೆ ಶುರುವಾದ ದಿನ ಹೋಗಲಿಲ್ಲ. ಅಂದು ಮಾವಿನ ತೋರಣ, ಮಕ್ಕಳ ಕೈಗೆ ಹೂವು, ಸಿಹಿ ಊಟ. ಮದುವೆಯ ದಿನ ಹೆಣ್ಣು ನೋಡಿದ ಹಾಗೆ ಆಗುತ್ತದೆ. ಹತ್ತು ದಿನ ಬಿಟ್ಟು, ಯಾರಿಗೂ ಹೇಳದೆ, ಒಂದು ಬುಧವಾರ ಹೋದೆ. ಆಮೇಲೆ ಇನ್ನೆರಡು ಸಲ. ಸಾವಿರದ ಇನ್ನೂರಕ್ಕೂ ಹೆಚ್ಚು ಮಕ್ಕಳಿರುವ ದೊಡ್ಡ ಶಾಲೆ ಅದು. ಮುಂಭಾಗದಲ್ಲಿ ಮುಂಬಯಿ ಸರ್ಕಾರದ ಕಾಲದ ಕಲ್ಲಿನ ಕಟ್ಟಡ, ಮೇಲೆ ಮಂಗಳೂರು ಹೆಂಚು. ಹಿಂದೆ ಆರ್‌ಸಿಸಿ ಕಟ್ಟಡಗಳು ಎರಡು. ನಡುವೆ ಬೇವಿನ ಮರ, ಮೈದಾನ. ಗೇಟಿನೊಳಗೆ ಮೂಗು ಸುರಿಸುವ ಎಲ್‌ಕೆಜಿ ಮಕ್ಕಳಿಂದ ಹಿಡಿದು ಮೀಸೆ ಮೂಡಿದ ಪಿಯು ಹುಡುಗರವರೆಗೆ ಎಲ್ಲರೂ ಒಟ್ಟಿಗೇ ನುಗ್ಗುತ್ತಿದ್ದರು. ಮನೆಯಲ್ಲಿ ಅಳಿಯ ಹೇಳಿದ ಮೊದಲ ಹೆದರಿಕೆ ಇದೇ ಆಗಿತ್ತು: ಅಷ್ಟು ದೊಡ್ಡವರ ನಡುವೆ ಇಷ್ಟು ಚಿಕ್ಕ ಕೂಸು. ಹೆದರಿಕೆ ಸುಳ್ಳಲ್ಲ. ಕೇಳಿದಾಗ, ಸಣ್ಣ ಮಕ್ಕಳನ್ನು ಕಾಲು ಗಂಟೆ ಮೊದಲು ಬಿಡುತ್ತಾರೆ, ಅವರ ಶೌಚಾಲಯ ಬೇರೆ ಕಡೆ ಇದೆ ಎಂದು ತಿಳಿಯಿತು. ಬೆಳಿಗ್ಗೆ ಗೇಟಿನಲ್ಲಿ ಮಾತ್ರ ಯಾರೂ ಇರಲಿಲ್ಲ. ಇದನ್ನು ನನ್ನ ಚೀಟಿಯಲ್ಲಿ ಬರೆದುಕೊಂಡೆ.

ಧಾರವಾಡದ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದರಿಂದ ನಾನು ಮೊದಲು ನೋಡಿದ್ದು ಬಾಗಿಲುಗಳನ್ನು. ಒಂದು ಶಾಲೆಗೆ ಇರುವುದು ಒಂದೇ ಬಾಗಿಲಲ್ಲ, ಮೂರು ಎಂದು ನನಗೆ ಅನ್ನಿಸಿತು.

ಮೊದಲನೆಯದು ಒಳಗೆ ಬರುವ ಬಾಗಿಲು. ಯಾರು ಯಾರು ಬರುತ್ತಾರೆ, ಬಂದವರು ಎಲ್ಲಿ ಕೂಡುತ್ತಾರೆ? ಹಾಜರಿ ಕೂಗುವಾಗ ಹೊರಗೆ ನಿಂತು ಕೇಳಿದೆ. ಆ ಒಂದು ಕೋಣೆಯಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ಮನೆಮಾತಿನ ಮಕ್ಕಳಿದ್ದರು. ರೈಲ್ವೆ ಕೆಲಸಕ್ಕೆ ಬಂದ ಬಿಹಾರದ ಕೂಲಿಕಾರರ ಇಬ್ಬರು ಮಕ್ಕಳೂ ಇದ್ದರು. ಅವರು ಕನ್ನಡವನ್ನು ನಮ್ಮ ಧಾಟಿಯಲ್ಲೇ "ಏನ್ರೀ ಟೀಚರ್" ಎಂದು ಎಳೆದು ಆಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಬೇಕೆಂದೇ ನಿಂತೆ. ಬಿಸಿಯೂಟ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಇಡೀ ರಾಜ್ಯಕ್ಕೆ ಬಂದಾಗ ನಾನು ನೌಕರಿಯಲ್ಲಿದ್ದೆ. ಅಡುಗೆ ಮಾಡುವಾಕೆಯ ಜಾತಿ ಕೇಳಿ ಮಕ್ಕಳಿಗೆ ಮನೆಯಿಂದ ಬುತ್ತಿ ಕಟ್ಟಿಕೊಟ್ಟವರನ್ನು ಕಂಡವಳು. 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಈ ಶಾಲೆಯಲ್ಲಿ ಮಕ್ಕಳು ಬೇವಿನ ಕೆಳಗೆ ಸಾಲಾಗಿ ಕುಳಿತು ಉಂಡರು. ಯಾರು ಎಲ್ಲಿ ಕೂಡಬೇಕೆಂದು ಯಾರೂ ಹೇಳಲಿಲ್ಲ. ಗೆಳತಿ ಎಲ್ಲಿದ್ದಾಳೋ ಅಲ್ಲಿ. ನೀರಿನ ನಲ್ಲಿಗಳು ಆರು, ಎಲ್ಲರಿಗೂ ಅವೇ. ಸಾತಾರದ ಜವಾನನ ನೆನಪಾಗಿ ನಾನೂ ಹೋಗಿ ಒಂದು ಬೊಗಸೆ ಕುಡಿದು ಬಂದೆ.

ಇಷ್ಟಕ್ಕೇ ಕಣ್ಣು ತುಂಬಿ ವಾಪಸು ಬಂದಿದ್ದರೆ ತಪ್ಪು ಮಾಡುತ್ತಿದ್ದೆ. ಮರುಸಲ ಹೋದಾಗ ಒಂದನೇ ತರಗತಿಯ ಎರಡು ಕೋಣೆಗಳನ್ನು ಒಂದರ ಪಕ್ಕ ಒಂದನ್ನು ನೋಡಿದೆ. ಒಂದು ಕನ್ನಡ ಮಾಧ್ಯಮ, ಇನ್ನೊಂದು ಇಂಗ್ಲಿಷ್. ನಮ್ಮ ಭಾಗದಲ್ಲಿ ಶಾಲೆಯ ಭಾಷೆಯ ಜಗಳ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಓದುತ್ತಿದ್ದಾಗ ಅಲ್ಲಿ ಕನ್ನಡ ಶಾಲೆಗಳು ಬರಲು ಹೆಣಗಿದವರು ಡೆಪ್ಯುಟಿ ಚನ್ನಬಸಪ್ಪನವರು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದರ ಹಿಂದೆಯೂ ಅದೇ ಸಂಕಟವಿತ್ತು. 1982ರಲ್ಲಿ ಗೋಕಾಕ ವರದಿಯ ಚಳವಳಿ ನಡೆದಾಗ ನಾನೂ ಮೆರವಣಿಗೆಯಲ್ಲಿ ನಡೆದವಳು. 1994ರಲ್ಲಿ ನಾಲ್ಕನೇ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಆದೇಶ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮವನ್ನು ಆರಿಸುವುದು ಪಾಲಕರಿಗೆ ಬಿಟ್ಟದ್ದು ಎಂದು ಅದನ್ನು ತಳ್ಳಿಹಾಕಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ಹೊರಗೆ ಹೋದವರು ಈಗ ತಿರುಗಿ ಸಾಲು ನಿಲ್ಲುತ್ತಿದ್ದಾರೆಂದರೆ ಅದಕ್ಕೆ ಕಾರಣ ಇದೇ.

ನನಗೆ ಇಂಗ್ಲಿಷಿನ ಮೇಲೆ ಈಗ ಸಿಟ್ಟಿಲ್ಲ. ಮಗನನ್ನು ಅಲ್ಲಿ ಓದಿಸಿದವಳಿಗೆ ಸಿಟ್ಟಾಗುವ ಅಧಿಕಾರವೂ ಇಲ್ಲ. ನನ್ನನ್ನು ನಿಲ್ಲಿಸಿದ್ದು ಬೇರೆ. ಇಂಗ್ಲಿಷ್ ಕೋಣೆಯ ಹೊರಗೆ ಬಿಟ್ಟಿದ್ದ ಬೂಟುಗಳು ಹೊಳೆಯುತ್ತಿದ್ದವು. ಕನ್ನಡ ಕೋಣೆಯ ಹೊರಗೆ ಹವಾಯಿ ಚಪ್ಪಲಿಗಳು, ಕೆಲವರಿಗೆ ಅವೂ ಇಲ್ಲ. ಸರ್ಕಾರಿ ಶಾಲೆಗೆ ತಿರುಗಿ ಬಂದವರು ಒಂದು ಕೋಣೆಗೆ, ಎಂದೂ ಬಿಡದೇ ಇದ್ದವರು ಇನ್ನೊಂದಕ್ಕೆ. ಯಾರೂ ಬೇಕೆಂದು ಮಾಡಿದ್ದಲ್ಲ. ಅರ್ಜಿ ಎಂದು, ಎಲ್ಲಿ, ಹೇಗೆ ಹಾಕಬೇಕೆಂದು ಗೊತ್ತಿದ್ದವರು ಮೊದಲು ಹಾಕಿದರು, ಅಷ್ಟೇ. ಗೋಣಿತಟ್ಟು ಹೋಯಿತು, ಗೋಡೆ ಬಂತೇ ಎಂದು ನನಗೆ ದಿಗಿಲಾಯಿತು. ಪ್ರಾಂಶುಪಾಲರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಅದು ನಮಗೂ ಗೊತ್ತದರಿ ಅಕ್ಕೋರ. ಆಟ, ಊಟ, ಪ್ರಾರ್ಥನಾ ಎಲ್ಲಾ ಕೂಡೇ ಮಾಡಸ್ತೀವಿ. ಆರನೇತ್ತಾದ ಮ್ಯಾಲ ಅದಲು ಬದಲು ಮಾಡಬೇಕಂತ ವಿಚಾರ ಐತಿ" ಎಂದರು. ಒಪ್ಪಿಕೊಳ್ಳುವ ಹೆಡ್ಮಾಸ್ತರರು ಸಿಗುವುದೇ ಅರ್ಧ ಒಳ್ಳೆಯ ಶಾಲೆಯ ಲಕ್ಷಣ.

ಎರಡನೆಯ ಬಾಗಿಲು ನಮಗೆ, ಅಂದರೆ ಹೆಣ್ಣುಮಕ್ಕಳಿಗೆ, ಚೆನ್ನಾಗಿ ಗೊತ್ತಿರುವಂಥದು. ಅದು ಏಳನೇ ತರಗತಿಗೂ ಎಂಟನೆಯದಕ್ಕೂ ನಡುವೆ ಇದೆ. ಇದೇ ಮುಂಬಯಿ ಪ್ರಾಂತದ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು 1848ರಲ್ಲಿಯೇ ಹೆಣ್ಣುಮಕ್ಕಳಿಗೆ ಕಲಿಸಲು ನಿಂತರು. ಅಂಬಿಲ್ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಶುರುಮಾಡಿದರು. ಒಳಗೆ ಬರುವ ಬಾಗಿಲು ಹೀಗೆ ಒಂದೊಂದೇ ತೆರೆಯಿತು. ಆದರೆ ಮೇಲೆ ಹತ್ತುವ ಬಾಗಿಲು? ನಮ್ಮವ್ವ 1940ರ ದಶಕದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವಳು. ನಮ್ಮ ಕಡೆ ಮುಲ್ಕಿ ಎಂದರೆ ಏಳನೆಯತ್ತಿನ ದೊಡ್ಡ ಪರೀಕ್ಷೆ, ಅದು ಪಾಸಾದವರು ಮಾಸ್ತರಿಕೆ ಮಾಡಬಹುದಾಗಿತ್ತು. ಅವ್ವ ಮುಂದೆ ಮಾಡಿದ್ದು ಮದುವೆ. ನನ್ನ ಅಕ್ಕ ಏಳನೆಯದಕ್ಕೆ ಊರಿಗೇ ಮೊದಲಿಗಳಾದಳು. ಹೈಸ್ಕೂಲು ಒಂಬತ್ತು ಕಿಲೋಮೀಟರಿನ ಮೇಲಿತ್ತು, ಬಸ್ಸು ದಿನಕ್ಕೆ ಎರಡು. "ಸಾಕು ಬಿಡು" ಎಂದರು ಅಪ್ಪ. ಅವರು ಕೆಟ್ಟವರಾಗಿರಲಿಲ್ಲ. ನಾನು ಓದಿದ್ದು ಅಷ್ಟರಲ್ಲಿ ಊರಿಗೇ ಹೈಸ್ಕೂಲು ಬಂದಿತ್ತೆಂಬ ಒಂದೇ ಕಾರಣಕ್ಕೆ. ಅಕ್ಕನಿಗೂ ನನಗೂ ಬುದ್ಧಿಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಆ ಒಂಬತ್ತು ಕಿಲೋಮೀಟರಿನಲ್ಲಿ.

ಸರ್ಕಾರಕ್ಕೂ ಇದು ತಿಳಿಯದೇ ಇರಲಿಲ್ಲ. 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಟ್ಟದ್ದು ಈ ದಾರಿಯನ್ನು ದಾಟಿಸಲಿಕ್ಕೇ. 2010ರ ಏಪ್ರಿಲ್ ಒಂದರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಓದನ್ನು ಹಕ್ಕಾಗಿ ಮಾಡಿತು. ಹದಿನಾಲ್ಕಕ್ಕೆ ಹಕ್ಕು ಮುಗಿಯುತ್ತದೆ, ಹುಡುಗಿಯ ಮದುವೆಯ ಮಾತು ಹಲವು ಮನೆಗಳಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ಎಲ್‌ಕೆಜಿಯಿಂದ ಪಿಯುಸಿಯವರೆಗೆ ಒಂದೇ ಗೇಟು ಎಂಬುದರ ದೊಡ್ಡ ಲಾಭ ಇಲ್ಲಿದೆ. ನಡುವೆ ಟಿಸಿ ತರುವುದಿಲ್ಲ, ಹೊಸ ಅರ್ಜಿ ಇಲ್ಲ, ಹೊಸ ಊರಿಲ್ಲ. ನಿಲ್ಲಿಸಬೇಕೆಂದರೆ ತಂದೆ ತಾನಾಗಿ ಎದ್ದು ಬಂದು ನಿಲ್ಲಿಸಬೇಕು. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದು ನಿಂತದ್ದು ಯಾರೋ ನಿಲ್ಲಿಸಿದರೆಂದಲ್ಲ, ಮುಂದಕ್ಕೆ ನಡೆಸಲು ಯಾರೂ ಏಳಲಿಲ್ಲವೆಂದು.

ಒಂಬತ್ತನೆಯದರ ಹುಡುಗಿಯರೊಂದಿಗೆ ಮಾತಾಡಿದೆ. ಶೌಚಾಲಯದಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ಕೇಳಿದೆ. ನಕ್ಕರು. "ಚಿಲಕಾ ಐತ್ರಿ, ನೀರು ಮಧ್ಯಾಹ್ನದ ಮ್ಯಾಲ ಇರಂಗಿಲ್ರಿ." ಇದನ್ನೂ ಬರೆದುಕೊಂಡೆ. ಶಾಲೆ ನೋಡಲು ಹೋಗುವ ಹೆಂಗಸರಿಗೆ ನನ್ನದೊಂದು ಮಾತು: ಕಂಪ್ಯೂಟರ್ ಕೋಣೆ ನೋಡುವ ಮೊದಲು ಹುಡುಗಿಯರ ಶೌಚಾಲಯ ನೋಡಿರಿ, ಅದೂ ಮೂರು ಗಂಟೆಯ ಮೇಲೆ.

ಮೂರನೆಯ ಬಾಗಿಲು ಪುಸ್ತಕದ್ದು. ಒಳಗೆ ಬಂದ ಮಗು, ಮೇಲೆ ಹತ್ತಿದ ಮಗು ಓದುವುದನ್ನು ಕಲಿತಿದೆಯೇ? ಬರಿಯ ಬಾಗಿಲು ತೆರೆದಿಟ್ಟು ಒಳಗೆ ಏನೂ ಕೊಡದಿದ್ದರೆ ಅದೂ ಒಂದು ಬಗೆಯ ನಿರಾಕರಣೆಯೇ. ನಾನು ಐದನೆಯ ತರಗತಿಗೆ ಹೋಗಿ ಟೀಚರರ ಅನುಮತಿ ಕೇಳಿ, ಎರಡನೆಯ ತರಗತಿಯ ಕನ್ನಡ ಪುಸ್ತಕದ ಒಂದು ಪಾಠವನ್ನು ಹತ್ತು ಮಕ್ಕಳ ಕೈಯಲ್ಲಿ ಓದಿಸಿದೆ. 2005ರಿಂದ ದೇಶದ ಹಳ್ಳಿಗಳಲ್ಲಿ ನಡೆದ ಅಸರ್ ಸಮೀಕ್ಷೆಗಳಲ್ಲಿ ಮಾಡುವುದೂ ಇಷ್ಟೇ. ದೊಡ್ಡ ಪರೀಕ್ಷೆಯೇನಲ್ಲ, ಯಾವ ತಾಯಿಯಾದರೂ ಮಾಡಬಹುದು. ಆರು ಮಕ್ಕಳು ಸರಾಗವಾಗಿ ಓದಿದರು. ಇಬ್ಬರು ಒತ್ತಕ್ಷರ ಬಂದಲ್ಲಿ ಎಡವಿದರು. ಇಬ್ಬರಿಗೆ ಬರಲಿಲ್ಲ. ಆ ಇಬ್ಬರಲ್ಲಿ ಒಬ್ಬ ಕಬ್ಬು ಕಡಿಯುವವರ ಮಗ, ವರ್ಷದಲ್ಲಿ ನಾಲ್ಕು ತಿಂಗಳು ಶಾಲೆಯಲ್ಲಿ ಇರುವುದಿಲ್ಲ. ಹೇಳಿದ್ದು ಅವನ ಟೀಚರೇ. ಅವಳಿಗೆ ಅವನ ಹೆಸರು, ಊರು, ಯಾವ ಅಕ್ಷರದಲ್ಲಿ ತಡವರಿಸುತ್ತಾನೆಂಬುದು ಎಲ್ಲವೂ ಗೊತ್ತಿತ್ತು. ಅವಳು ಅತಿಥಿ ಶಿಕ್ಷಕಿ, ಬರುವ ವರ್ಷ ಇರುತ್ತಾಳೆಂಬ ಭರವಸೆ ಅವಳಿಗೇ ಇರಲಿಲ್ಲ.

ಕೆಳಗಿನ ತರಗತಿಯಲ್ಲಿ ನಲಿ-ಕಲಿ ನಡೆದಿತ್ತು. ಮಕ್ಕಳು ಗುಂಪುಗುಂಪಾಗಿ ಕಾರ್ಡುಗಳನ್ನು ಹರಡಿಕೊಂಡು ಕುಳಿತಿದ್ದರು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಕಡೆ ಶಿಕ್ಷಕರೇ ಕೂಡಿ ಕಟ್ಟಿದ ಪದ್ಧತಿ ಅದು. ನಮಗೆ ತರಬೇತಿ ಕೊಟ್ಟಾಗ ಗೊಣಗಿದವರಲ್ಲಿ ನಾನೂ ಇದ್ದೆ, ಆಮೇಲೆ ಅದರಿಂದಲೇ ಕಲಿತೆ. ಕಾಯಿದೆಯ ಪ್ರಕಾರ ಐದನೆಯವರೆಗೆ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರಿರಬೇಕು. ಇಲ್ಲಿ ಎಣಿಸಿದೆ, ಮೂವತ್ತೆಂಟು ತಲೆ. ದೊಡ್ಡ ಶಾಲೆಗೆ ಅದರದೇ ತೊಂದರೆ ಇದೆ. ಒಳ್ಳೆಯದೆಂದು ಹೆಸರಾದೊಡನೆ ಮಕ್ಕಳು ನುಗ್ಗುತ್ತಾರೆ, ಶಿಕ್ಷಕರು ಅಷ್ಟು ಬೇಗ ಬರುವುದಿಲ್ಲ. ಇನ್ನೊಂದು ಸಂಕಟವನ್ನೂ ಹೇಳಬೇಕು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ತಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆಂದು 2024ರಲ್ಲಿ ಅಂಗನವಾಡಿ ಅಕ್ಕಂದಿರು ಬೀದಿಗಿಳಿದರು. ದೊಡ್ಡ ಶಾಲೆಗೆ ಮಕ್ಕಳು ಸೇರಿದಷ್ಟೂ ಸುತ್ತಲಿನ ಹಳ್ಳಿಯ ಸಣ್ಣ ಶಾಲೆಗಳು ಮುಚ್ಚಿದರೆ, ಅಕ್ಕನ ಆ ಒಂಬತ್ತು ಕಿಲೋಮೀಟರು ಒಂದನೆಯತ್ತಿನ ಕೂಸಿಗೇ ಬಂದೀತು. ಒಂದು ಬಾಗಿಲು ತೆರೆಯಲು ಇನ್ನೊಂದನ್ನು ಮುಚ್ಚುವುದು ನ್ಯಾಯವಲ್ಲ.

ತಮ್ಮನ ಮಗಳ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕುಳಿತು, ಚೀಟಿ ನೋಡುತ್ತ ಎಲ್ಲವನ್ನೂ ಒಪ್ಪಿಸಿದೆ. ಗೇಟಿನಲ್ಲಿ ಬೆಳಿಗ್ಗೆ ಯಾರೂ ಇಲ್ಲ. ನೀರು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮಕ್ಕಳು ಹೆಚ್ಚು, ಶಿಕ್ಷಕರು ಕಡಿಮೆ. ಎರಡು ಮಾಧ್ಯಮದ ನಡುವೆ ಗೋಡೆ ಏಳುತ್ತಿದೆ. ಇವು ಒಂದು ಕಡೆ. ಹತ್ತರಲ್ಲಿ ಆರು ಮಕ್ಕಳು ಚೆನ್ನಾಗಿ ಓದುತ್ತಾರೆ, ಓದದವರ ಹೆಸರು ಟೀಚರಿಗೆ ಗೊತ್ತಿದೆ, ಮುಖ್ಯಸ್ಥರು ತಪ್ಪನ್ನು ಮುಚ್ಚಿಡುವುದಿಲ್ಲ, ಪಿಯುಸಿ ಮುಗಿಯುವವರೆಗೆ ಹುಡುಗಿಯನ್ನು ಯಾರೂ ಮೆಟ್ಟಿಲ ಮೇಲೆ ನಿಲ್ಲಿಸುವುದಿಲ್ಲ. ಇವು ಇನ್ನೊಂದು ಕಡೆ. ಬೈಪಾಸ್ ಶಾಲೆಯನ್ನೂ ಇದೇ ಚೀಟಿ ಹಿಡಿದು ನೋಡಿ ಬಾ, ಅಲ್ಲಿಯೂ ಐದನೆಯ ಮಕ್ಕಳ ಕೈಯಲ್ಲಿ ಓದಿಸಿ ನೋಡು ಎಂದೆ. ಅವಳು ಹೋದಳು. ಅಲ್ಲಿ ತರಗತಿಯೊಳಗೆ ಬಿಡಲಿಲ್ಲವಂತೆ, ಕಚೇರಿಯಲ್ಲಿ ಕೂಡಿಸಿ ಬಣ್ಣದ ಪುಸ್ತಿಕೆ ಕೊಟ್ಟರಂತೆ.

ಬೀಗತಿ ಒಳಗಿನಿಂದಲೇ ಎಲ್ಲ ಕೇಳುತ್ತಿದ್ದರು. ಹೊರಗೆ ಬಂದು, "ಎಲ್ಲಾ ಮಂದಿ ಮಕ್ಕಳು ಬರತಾವ ಅಂದೆ, ಅದಕ ಏನ ಹೇಳಲಿಲ್ಲಲ್ಲ ನೀವು?" ಎಂದರು.

"ಬರತಾವ್ರಿ. ಅದಕ್ಕನ ಅದು ಸಾಲಿ" ಎಂದೆ. ಧಾರವಾಡದ ಹುಡುಗನ ಕಥೆ ಹೇಳಿದೆ. ಅವರು ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಾಗನ?" ಎಂದರು. ಒಪ್ಪಿದರೆಂದು ನಾನು ಹೇಳಲಾರೆ. ಅರವತ್ತು ವರ್ಷದ ರೂಢಿ ಒಂದು ಕಥೆಗೆ ಕರಗುವುದಿಲ್ಲ.

ಆ ಶಾಲೆಯ ಎಲ್‌ಕೆಜಿಗೆ ಮೂವತ್ತು ಜಾಗ, ಬಂದ ಅರ್ಜಿ ಎಪ್ಪತ್ತರ ಮೇಲೆ. 1856ರಲ್ಲಿ ಒಬ್ಬ ಬೇಡಿದ, ಬಾಗಿಲು ಮುಚ್ಚಿತ್ತು. ಈಗ ಬಾಗಿಲು ತೆರೆದಿದೆ, ಜಾಗ ಸಾಲದು. ಚೀಟಿ ಎತ್ತಿದರು. ಪುಟ್ಟಿಯ ಹೆಸರು ಇಪ್ಪತ್ತಾರನೆಯದಾಗಿ ಬಂತು. ಬಾರದವರ ತಾಯಂದಿರು ಬೇವಿನ ಕೆಳಗೆ ಮುಖ ಸಣ್ಣದು ಮಾಡಿ ನಿಂತಿದ್ದನ್ನು ನೋಡಿ ನಮ್ಮ ಹುಡುಗಿಗೆ ಸಂತೋಷಪಡಲು ಸಂಕೋಚವಾಯಿತಂತೆ. ಅಳಿಯ ಇನ್ನೂ ಪೂರ್ತಿ ಒಪ್ಪಿಲ್ಲ, ಒಂದು ವರ್ಷ ನೋಡೋಣ ಎಂದಿದ್ದಾನೆ. ಅದೂ ತಪ್ಪಲ್ಲ. ಗೇಟಿನಲ್ಲಿ ಬೆಳಿಗ್ಗೆ ಒಬ್ಬರು ನಿಲ್ಲಬೇಕೆಂದು ಪಾಲಕರ ಸಭೆಯಲ್ಲಿ ಮೊದಲು ಎದ್ದು ಕೇಳಿದವನು ಅವನೇ. ಈಗ ಪಾಲಕರೇ ಸರದಿಯ ಮೇಲೆ ನಿಲ್ಲುತ್ತಾರೆ. ನೀರು ಮಾತ್ರ ಇನ್ನೂ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಬೆಂಗಳೂರಿನಲ್ಲಿರುವ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಎಲ್ಲ ಕೇಳಿ ನಗುತ್ತಲೇ ಅಂದ: "ಅವ್ವಾ, ಇಷ್ಟ ಚಲೋ ಇದ್ದರ ನನ್ನ ಯಾಕ ನಿನ್ನ ಸಾಲಿಗೆ ಹಾಕಲಿಲ್ಲ ನೀ?"

ಅವನಿಗೆ ಅದು ತಮಾಷೆಯ ಮಾತು. ನನಗೆ ಅಂದು ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕಿಕೊಳ್ಳಲು ಕುಳಿತಾಗ ಬರೆದದ್ದು ಇಷ್ಟು.